ಕಾಲುಚೀಲ ಪುರಾಣ

ನಮ್ಮ ಮನೆಯ ಪ್ರವಾಸಗಳೆಲ್ಲ ಹಿಂದಿನ ರಾತ್ರಿಯ ಮಾತಿನಲ್ಲಿ ಬೆಳಿಗ್ಗೆ ಐದಕ್ಕೇ ಹೊರಡುತ್ತವೆ. ಕಳೆದ ಏಪ್ರಿಲ್‌ನ ಆ ಶನಿವಾರವೂ ಹಾಗೇ ಹೊರಡಬೇಕಿತ್ತು. ಆದರೆ ಅತ್ತೆ ಪುಳಿಯೋಗರೆ ಕಲಸಿ ಅಗಲವಾದ ತಟ್ಟೆಯಲ್ಲಿ ಹರವಿಟ್ಟಿದ್ದರು. ಬಿಸಿಯಿರುವಾಗಲೇ ಡಬ್ಬಿಗೆ ತುಂಬಿದರೆ ಬೆವರಿ ಕೆಡುತ್ತದೆ, ಆರಲಿ ಎಂದರು. ಫ್ಯಾನಿನ ಕೆಳಗೆ ಪುಳಿಯೋಗರೆ, ಅದರ ಸುತ್ತ ಚಪ್ಪಲಿ ಮೆಟ್ಟಿಕೊಂಡು ಸಿದ್ಧರಾದ ನಾವು. ಅದು ಆರಿದಾಗ ಎಂಟು ಗಂಟೆ. ನೆಲಮಂಗಲದ ವಾಹನಗಳ ಸಾಲು ದಾಟಿ, ಯಡಿಯೂರಿನಲ್ಲಿ ಕಾಫಿ ಕುಡಿದು, ಹಿರೀಸಾವೆಯಲ್ಲಿ ಹೆದ್ದಾರಿ ಬಿಟ್ಟು ಶ್ರವಣಬೆಳಗೊಳ ಮುಟ್ಟಿದಾಗ ಸರಿಯಾಗಿ ಹನ್ನೆರಡು. ಇತ್ತ ಪುಳಿಯೋಗರೆ ಆರುತ್ತಿದ್ದ ಹೊತ್ತಿಗೆಲ್ಲ ಅತ್ತ ವಿಂಧ್ಯಗಿರಿಯ ಬಂಡೆ ನಮಗಾಗಿ ಕಾಯುತ್ತಿತ್ತು, ಆ ಪದಕ್ಕಿರುವ ಎರಡೂ ಅರ್ಥದಲ್ಲಿ.

ಬೆಟ್ಟವನ್ನು ಬರಿಗಾಲಲ್ಲೇ ಹತ್ತಬೇಕು. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳು. ಕಾಲುಚೀಲ ಹಾಕಿಕೊಂಡು ಹತ್ತುವವರೂ ಇದ್ದರು. ನನ್ನ ಕಚೇರಿಯ ಚೀಲದಲ್ಲಿ ಒಂದು ಜೊತೆ ಸಿಕ್ಕಿತು. ಕಪ್ಪು ಬಣ್ಣದ್ದು, ಬಲಗಾಲಿನದರಲ್ಲಿ ಹೆಬ್ಬೆರಳು ಪೂರ್ತಿ ಹೊರಬರುವಷ್ಟು ತೂತು. ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ ಎಂದು ಶಾಲೆಯಲ್ಲಿ ಓದಿ ಅಂಕವನ್ನೂ ಪಡೆದಿದ್ದೆ. ನಂಬಿದ್ದು ಮಾತ್ರ ಆ ದಿನ.

ಮಗಳು ಮೆಟ್ಟಿಲು ಎಣಿಸಲು ಶುರು ಮಾಡಿದಳು. ನಡುನಡುವೆ ನನ್ನ "ಅಯ್ಯೋ"ಗಳೂ ಸೇರಿಕೊಂಡು ನೂರ ನಲವತ್ತರ ಹತ್ತಿರ ಲೆಕ್ಕ ತಪ್ಪಿತು. ಡೋಲಿ ಹೊರುವವರು 68 ವರ್ಷದ ನಮ್ಮ ಅತ್ತೆಯನ್ನು ದಾಟಿಕೊಂಡು ಬಂದು, "ಡೋಲಿ ಬೇಕೇ ಸಾರ್?" ಎಂದು ನನ್ನನ್ನು ಕೇಳಿದರು. ಅತ್ತೆ ಬರಿಗಾಲಲ್ಲಿ, ಕೈಯಲ್ಲಿ ಪುಳಿಯೋಗರೆಯ ಡಬ್ಬಿ ಹಿಡಿದು, ಹಿತ್ತಿಲಿಗೆ ಹೋಗಿಬರುವವರಂತೆ ಹತ್ತುತ್ತಿದ್ದರು. "ಕಾಲನ್ನು ಎತ್ತಿ ಎತ್ತಿ ಇಡಬೇಡಿ ಅಳಿಯಂದಿರೇ, ಸುಮ್ಮನೆ ನಡೆಯಿರಿ" ಎಂದರು. ಎತ್ತದೆ ನಡೆಯುವ ವಿದ್ಯೆ ನನಗೆ ಗೊತ್ತಿರಲಿಲ್ಲ.

ಮೇಲೆ, 58 ಅಡಿಯ ಗೊಮ್ಮಟ. ಎಲ್ಲರೂ ಅವನ ಮುಖದ ಆ ಸಣ್ಣ ನಗೆಯನ್ನು ನೋಡುತ್ತಾರೆ. ನನ್ನ ಕಣ್ಣು ಹೋದದ್ದು ಪಾದಕ್ಕೆ. ಚಾವುಂಡರಾಯ 981ರಲ್ಲಿ ಪ್ರತಿಷ್ಠೆ ಮಾಡಿಸಿದ ದಿನದಿಂದ ಬರಿಗಾಲಲ್ಲಿ ನಿಂತಿದ್ದಾನೆ. ಅಕ್ಕಪಕ್ಕ ಹುತ್ತ, ಹುತ್ತದಿಂದ ಇಣುಕುವ ಹಾವು, ಮೈಮೇಲೆ ಹಬ್ಬಿದ ಬಳ್ಳಿ. ಕದಲಿದವನಲ್ಲ. ಎದುರಿಗೆ ನಾನು, ನಾಲ್ಕು ನಿಮಿಷದಲ್ಲಿ ನಲವತ್ತು ಸಲ ಕಾಲು ಬದಲಿಸಿದವನು. ಪಾದದ ಬಳಿಯ ಶಾಸನಗಳು ಕನ್ನಡ, ತಮಿಳು, ಮರಾಠಿಯಲ್ಲಿವೆ. ನಾನು ಕನ್ನಡದಲ್ಲಷ್ಟೇ ನರಳಿದೆ.

ಇಳಿಯುವಾಗ ಎಡಗಾಲಿನ ಚೀಲದ ಹಿಮ್ಮಡಿಯೂ ಹರಿಯಿತು. ಹಾಸನದ ವಸತಿಗೃಹದ ಕಸದ ಬುಟ್ಟಿಯಲ್ಲಿ ಎರಡನ್ನೂ ಸಮಾಧಿ ಮಾಡಿದೆ.

ಭಾನುವಾರ ಬೇಲೂರು. ಬೆಳಗಿನ ತಂಪಿನಲ್ಲಿ ಹೋಗುವುದೆಂದು ನಿಶ್ಚಯವಾಗಿತ್ತು. ಆದರೆ ಮಂಚದಿಂದ ಇಳಿಯಲು ಮಂಡಿಗಳು ಒಪ್ಪಿದ್ದು ಹತ್ತು ಗಂಟೆಗೆ. ಅಲ್ಲಿಗೆ ಮತ್ತೆ ಅದೇ ಹನ್ನೆರಡು, ಅದೇ ಕಲ್ಲುಹಾಸು, ಈ ಬಾರಿ ಕಾಲುಚೀಲವೂ ಇಲ್ಲ. ಗೈಡ್ "1117" ಎನ್ನುವಾಗ ನನ್ನ ಬಲಗಾಲು ನೆಲದ ಮೇಲಿತ್ತು, "ವಿಷ್ಣುವರ್ಧನ" ಎನ್ನುವಷ್ಟರಲ್ಲಿ ಎಡಗಾಲು. ಹೊಯ್ಸಳ ಶಿಲ್ಪಿಗಳ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೂ ಒಂದು ತಕರಾರು. ಮದನಿಕೆಯರನ್ನು ಅವರು ನಿಲ್ಲಿಸಿರುವುದು ಸೂರಿನ ಅಡಿಯಲ್ಲಿ, ಎತ್ತರದಲ್ಲಿ. ಸರಿಯಾಗಿ ನೋಡಬೇಕಾದರೆ ಹಿಂದೆ ಸರಿಯಬೇಕು. ಮಧ್ಯಾಹ್ನದ ನೆರಳೋ, ಗೋಡೆಗೆ ಅಂಟಿಕೊಂಡು ಒಂದು ಮೊಳ. ನೆರಳಿದ್ದಲ್ಲಿ ಮದನಿಕೆ ಕಾಣುವುದಿಲ್ಲ, ಮದನಿಕೆ ಕಾಣುವಲ್ಲಿ ನೆರಳಿಲ್ಲ. ದರ್ಪಣಸುಂದರಿಯನ್ನು ನಾನು ನೋಡಿದ್ದು ಕಂತಿನಲ್ಲಿ: ಓಡಿ ಬಂದು ಕನ್ನಡಿ ನೋಡಿ ನೆರಳಿಗೆ ಹೋದೆ, ಮತ್ತೆ ಬಂದು ಅವಳ ಮುಖ ನೋಡಿ ನೆರಳಿಗೆ ಹೋದೆ.

ಮಗಳು ಗೋಡೆಯ ಮೇಲೆ ಒಂದು ಕಾಲೆತ್ತಿ ನಿಂತ ನರ್ತಕಿಯನ್ನು ತೋರಿಸಿ, "ಅಪ್ಪಾ, ಥೇಟ್ ನೀನೇ" ಎಂದಳು. ಹೆಂಡತಿ ಫೋಟೋ ತೆಗೆದಳು. ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಇಂದಿಗೂ ಅದೇ ಚಿತ್ರವಿದೆ.

ಕೊನೆಗೆ ಎಲ್ಲರಿಗಿಂತ ಮೊದಲು ಬಾಗಿಲ ಕಡೆಗೆ ಓಡಿದೆ. ಅತ್ತೆ ಒಳಗೆ ಹೋಗುವ ಮುನ್ನವೇ ತಮ್ಮ ಹವಾಯಿ ಚಪ್ಪಲಿಯನ್ನು ಗೋಡೆಯ ಮೂಲೆಯ ನೆರಳಿಗೆ ಸರಿಸಿಟ್ಟಿದ್ದರು. ನನ್ನವು ಕಪ್ಪು ರಬ್ಬರಿನವು. ಬಿಟ್ಟ ಜಾಗದಲ್ಲೇ, ನಡುಬಿಸಿಲಿನಲ್ಲಿ, ನನಗಾಗಿಯೇ ಚೆನ್ನಾಗಿ ಕಾದಿದ್ದವು.