ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್ ಹಡಗು ಅಲಂಗ್‌ಗೆ ಬಂದೇ ಇಲ್ಲ

ಅಮೆರಿಕದ ಹಳೇ ಪ್ಯಾಸೆಂಜರ್ ಹಡಗು ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್‌ನ ಗುಜರಾತಿನ ಅಲಂಗ್‌ಗೆ ತಂದು ಗುಜರಿಗೆ ಒಡೆದ್ರು ಅಂತ ಒಂದು ಮೆಸೇಜ್ ಓಡಾಡ್ತಿದೆ. ಅದು ತಪ್ಪು, ದಯವಿಟ್ಟು ಮುಂದಕ್ಕೆ ಕಳಿಸ್ಬೇಡಿ.

ಅಲಂಗ್‌ನಲ್ಲಿ ಒಡೆದಿದ್ದು ಎಸ್‌ಎಸ್ ಫ್ರಾನ್ಸ್ ಅನ್ನೋ ಬೇರೆ ಹಡಗು, ಅದು ಆಮೇಲೆ ನಾರ್ವೆ ಅಂತ ಹೆಸರಾಗಿ 2003ರಲ್ಲಿ ಮಯಾಮಿಯಲ್ಲಿ ಬಾಯ್ಲರ್ ಸಿಡಿದು, 2006ರಲ್ಲಿ ಬ್ಲೂ ಲೇಡಿ ಅನ್ನೋ ಹೆಸರಲ್ಲಿ ಇಲ್ಲಿಗೆ ಬಂತು, ಅದರೊಳಗಿನ ಆಸ್ಬೆಸ್ಟಾಸ್ ಅನ್ನೋ ಅಪಾಯಕಾರಿ ನಾರಿನ ವಿಚಾರ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಎರಡಕ್ಕೂ ಎರಡೆರಡು ದೊಡ್ಡ ಚಿಮಣಿ, ಗೊಂದಲ ಆಗೋದು ಸಹಜ, ಆದ್ರೆ ನಾರ್ವೆಯ ಚಿಮಣಿಗಳ ಮೇಲ್ಗಡೆ ಎರಡೂ ಪಕ್ಕಕ್ಕೆ ರೆಕ್ಕೆ ಚಾಚಿತ್ತು, ಬಣ್ಣ ನೀಲಿ. ಯುನೈಟೆಡ್ ಸ್ಟೇಟ್ಸ್‌ದು ಕೆಂಪು, ಬಿಳಿ, ನೀಲಿ ಪಟ್ಟೆ.

1952ರ ಮೊದಲ ಟ್ರಿಪ್ಪಲ್ಲೇ ಮೂರೂವರೆ ದಿನದೊಳಗೆ ಅಟ್ಲಾಂಟಿಕ್ ದಾಟಿ ದಾಖಲೆ ಮಾಡಿದ ಹಡಗು ಈ ಯುನೈಟೆಡ್ ಸ್ಟೇಟ್ಸ್, 1969ರಲ್ಲಿ ನಿಂತಿತು, 1996ರಿಂದ ಫಿಲಡೆಲ್ಫಿಯಾದಲ್ಲಿ ತುಕ್ಕು ಹಿಡೀತಾ ಇತ್ತು. ಉಳಿಸೋಕೆ ಹೊರಟ ಕನ್ಸರ್ವೆನ್ಸಿ ಅನ್ನೋ ಸಂಸ್ಥೆಗೂ ಜಾಗದ ಮಾಲೀಕರಿಗೂ ಬಾಡಿಗೆ ಜಗಳ ಆಗಿ, 2024ರಲ್ಲಿ ಕೋರ್ಟ್ ಜಾಗ ಖಾಲಿ ಮಾಡಿ ಅಂತು. ಆಮೇಲೆ ಫ್ಲೋರಿಡಾದ ಒಕಲೂಸಾ ಕೌಂಟಿ ಕೊಂಡ್ಕೊಳ್ತು. 2025ರ ಫೆಬ್ರವರಿಯಲ್ಲಿ ಟಗ್ ದೋಣಿ ಕಟ್ಟಿ ಎಳ್ಕೊಂಡು ಹೊರಟು ಮಾರ್ಚಲ್ಲಿ ಅಲಬಾಮಾದ ಮೊಬೈಲ್ ಅನ್ನೋ ಊರಿನ ಬಂದರಿಗೆ ಮುಟ್ಟಿಸಿದ್ರು.

ಅಲ್ಲಿ ಪ್ಲ್ಯಾನ್ ಇದ್ದಿದ್ದು ಇಷ್ಟು: ಎಣ್ಣೆ, ವೈರು, ವಿಷಕಾರಿ ಬಣ್ಣ ಎಲ್ಲಾ ತೆಗೆದು ಕ್ಲೀನ್ ಮಾಡಿ ಮೆಕ್ಸಿಕೋ ಕೊಲ್ಲಿಯಲ್ಲಿ ಮುಳುಗಿಸಿ, ಮೀನು ಸೇರೋಕೆ, ಡೈವರ್‌ಗಳು ನೋಡೋಕೆ ಕೃತಕ ಬಂಡೆ ಮಾಡೋದು. ಇಂಥ ಹಡಗನ್ನ ನೀರಿನ ಮೇಲೇ ಉಳಿಸ್ಬೇಕಿತ್ತು ಅಂತ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ, ಆದ್ರೂ ಗುಜರಿ ಬೇರೆ, ಇದು ಬೇರೆ. ಚಿಮಣಿಗಳನ್ನ ದಡದ ಮ್ಯೂಸಿಯಂಗೆ ಅಂತ ಬಿಚ್ಚಿ ಇಡೋದೂ ಇದೇ ಪ್ಲ್ಯಾನ್‌ನಲ್ಲಿತ್ತು.