ಇನ್ನೂ ಬಾರದ ಬ್ರಹ್ಮಾಂಡಕ್ಕೆ ಕಾಯಬೇಕಾ?

ಲೆಕ್ಕದಿಂದಲೇ ಗ್ರಹಗಳನ್ನು ಹುಟ್ಟಿಸುವ ಗೇಮ್ ಒಂದು ಬರುತ್ತದೆ ಎಂದು ಸುದ್ದಿಯಾದರೆ, ಅದು ಕೈಗೆ ಸಿಗುವ ಮುಂಚೆಯೇ ಆಸೆ ಕಟ್ಟಿಕೊಂಡು ವರ್ಷಗಟ್ಟಲೆ ಕಾಯುವುದು ಸರಿಯಾ? ಪರವಾಗಿ ಬರೆದವನು ಹಾಸನದಲ್ಲಿರುವ ತಮ್ಮ. ವಿರೋಧವಾಗಿ ಬರೆದವಳು ಮದುವೆಯಾಗಿ ಚಿಕ್ಕಮಗಳೂರಿಗೆ ಹೋದ ಅಕ್ಕ.

ಪರ: ಕಾದಿದ್ದರಿಂದಲೇ ಕಲಿತೆ

2013ರ ಡಿಸೆಂಬರ್. ನಾನಾಗ ಎಸ್ಸೆಸ್ಸೆಲ್ಸಿ. ‘ನೋ ಮ್ಯಾನ್ಸ್ ಸ್ಕೈ’ ಗೇಮ್‌ನ ಮೊದಲ ಟ್ರೇಲರನ್ನು ಅಕ್ಕನ ಫೋನಿನಲ್ಲಿ ನೋಡಿದೆ. ನೀರಿನೊಳಗೆ ಶುರುವಾಗುತ್ತದೆ. ದಡಕ್ಕೆ ಬಂದು, ನೌಕೆ ಹತ್ತಿ, ಮೋಡ ದಾಟಿ, ಎಲ್ಲೂ ನಿಲ್ಲದೆ ಸೀದಾ ಬಾಹ್ಯಾಕಾಶಕ್ಕೆ. ನಡುವೆ ‘ಲೋಡಿಂಗ್’ ಅಂತ ಕಾಯಿಸುವುದೇ ಇಲ್ಲ. ಮಾಡುತ್ತಿದ್ದವರು ಹಲೋ ಗೇಮ್ಸ್ ಅನ್ನುವ ಪುಟ್ಟ ತಂಡ, ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನವರು. ಅದಕ್ಕೂ ಮುಂಚೆ ‘ಜೋ ಡೇಂಜರ್’ ಎಂಬ ಬೈಕ್ ಗೇಮ್ ಮಾಡಿದ್ದರು.

ಹಾಸನದ ಹುಡುಗರಿಗೆ ಬಾಹ್ಯಾಕಾಶ ಅಂದರೆ ಸಾಲಗಾಮೆ ರಸ್ತೆ. ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇರುವುದು ಅಲ್ಲೇ. 1982ರಿಂದ ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಂಡು ಬಂದ ಜಾಗ ಅದು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹ ದಾರಿ ತಪ್ಪದಂತೆ ನಮ್ಮೂರಿನಿಂದ ಕಾಯುತ್ತಾರೆ. ಆ ದೊಡ್ಡ ಬಿಳಿ ಡಿಶ್‌ಗಳನ್ನು ದೂರದಿಂದ ನೋಡುತ್ತಾ ಬೆಳೆದವನು ನಾನು. ಒಳಗೆ ಬಿಡುವುದಿಲ್ಲ. ಈ ಗೇಮ್ ಒಳಗೆ ಬಿಡ್ತೀನಿ ಅಂದಿತ್ತು.

ಎಷ್ಟು ಗ್ರಹ ಅಂತೀರಾ? ಚದುರಂಗದ ಮೊದಲ ಮನೆಗೆ ಒಂದು ಅಕ್ಕಿಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ದುಪ್ಪಟ್ಟು ಮಾಡುತ್ತಾ ಹೋಗುವ ಕಥೆ ಗೊತ್ತಲ್ವಾ? 64 ಮನೆ ತುಂಬಿದಾಗ ಒಟ್ಟು ಎಷ್ಟು ಕಾಳಾಗುತ್ತದೋ ಅದಕ್ಕಿಂತ ಒಂದೇ ಒಂದು ಜಾಸ್ತಿ: 1,84,46,74,40,73,70,95,51,616. ಸೆಕೆಂಡಿಗೆ ಒಂದರಂತೆ ನೋಡಿದರೂ 58 ಸಾವಿರ ಕೋಟಿ ವರ್ಷ ಬೇಕು.

ಇಷ್ಟನ್ನೆಲ್ಲ ಯಾವ ಡಿಸ್ಕಿನಲ್ಲಿ ಇಡುತ್ತಾರೆ? ಇಡುವುದೇ ಇಲ್ಲ. ಒಂದು ಸಂಖ್ಯೆ ಕೊಟ್ಟರೆ ಸೂತ್ರಗಳು ಅದರಿಂದ ಬೆಟ್ಟ, ನೀರು, ಹುಲ್ಲು, ಪ್ರಾಣಿ ಎಲ್ಲವನ್ನೂ ನೀವು ಹೋದಾಗಲೇ ಕಟ್ಟುತ್ತವೆ. ಅದೇ ಸಂಖ್ಯೆ ಮತ್ತೆ ಕೊಟ್ಟರೆ ಅದೇ ಬೆಟ್ಟ. ಇದಕ್ಕೆ ಸೀಡ್ ಅನ್ನುತ್ತಾರೆ. ಬೀಜ. ಕಾಫಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದೆಲ್ಲ ನನಗೆ ತಿಳಿದದ್ದು ಕಾಯುತ್ತಿದ್ದಾಗಲೇ. ಗೇಮ್ ಬಂದಿರಲಿಲ್ಲ, ತಲೆ ಸುಮ್ನೆ ಕೂರಲಿಲ್ಲ. ಪಿಯುಸಿ ರಜೆಯಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಕಲಿತೆ. ಕಂಪ್ಯೂಟರ್ ವಿಜ್ಞಾನಿ ಕೆನ್ ಪರ್ಲಿನ್ 1980ರ ದಶಕದಲ್ಲಿ ರೂಪಿಸಿದ, ಗುಡ್ಡ-ತಗ್ಗಿನಂಥ ಸಹಜ ಏರಿಳಿತ ಹುಟ್ಟಿಸುವ ‘ನಾಯ್ಸ್’ ಲೆಕ್ಕವನ್ನು ಓದಿದೆ. ಮನೆಯ ಹಳೇ ಕಂಪ್ಯೂಟರಿನಲ್ಲಿ ನಲವತ್ತು ಸಾಲು ಬರೆದು, ಬೀಜದ ಜಾಗಕ್ಕೆ ನಮ್ಮೂರಿನ ಪಿನ್ ಕೋಡ್ 573201 ಹಾಕಿದೆ. ಪರದೆಯ ಮೇಲೆ ಗೆರೆಯೊಂದು ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಎರಡು ಗುಡ್ಡ, ನಡುವೆ ಒಂದು ತಗ್ಗು. ತಗ್ಗಿಗೆ ನೀಲಿ ತುಂಬಿಸಿ ಹೇಮಾವತಿ ಅಂತ ಹೆಸರಿಟ್ಟೆ. ಮುಚ್ಚಿ ಮತ್ತೆ ತೆರೆದರೆ ಅವೇ ಗುಡ್ಡ, ಅದೇ ಹೇಮಾವತಿ. ಅವತ್ತು ಅಮ್ಮ ಊಟಕ್ಕೆ ಮೂರು ಸಲ ಕೂಗಿದರು.

ಕಾಯುವವರಿಗೆ ಮಾತ್ರ ಅಲ್ಲ, ಮಾಡುವವರಿಗೂ ಇದರಿಂದ ಬಲ ಬರುತ್ತದೆ ಅಂತ ನಾನು ನಂಬುತ್ತೇನೆ. ಟ್ರೇಲರ್ ಬಂದು ಕೆಲವೇ ವಾರಕ್ಕೆ, ಕ್ರಿಸ್‌ಮಸ್ ಹಿಂದಿನ ದಿನ, ಹಲೋ ಗೇಮ್ಸ್ ಆಫೀಸಿಗೆ ಪ್ರವಾಹದ ನೀರು ನುಗ್ಗಿತು. ಕಂಪ್ಯೂಟರ್‌ಗಳು ಹಾಳಾದವು. ಅವರು ಮತ್ತೆ ಕೂತರು. ಹೊರಗೆ ಅಷ್ಟು ಜನ ಕಾಯುತ್ತಿದ್ದಾರೆ ಅನ್ನುವುದು ಆಗ ಸಣ್ಣ ಆಸರೆಯೇನಲ್ಲ.

ಪಿಸಿಗೆ ಗೇಮ್ ಬಂದದ್ದು 2016ರ ಆಗಸ್ಟ್ 12ಕ್ಕೆ. ಅವತ್ತು ವರಮಹಾಲಕ್ಷ್ಮಿ ಹಬ್ಬ. ಹೋಳಿಗೆ ಊಟ ಮುಗಿಸಿ ಗೆಳೆಯನ ರೂಮಿಗೆ ಓಡಿದೆ, ಅವನ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇತ್ತು. ಸಿಕ್ಕಿದ್ದು ಒಂದು ಬೋಳು ಗ್ರಹ. ಕೆಂಪು ಮಣ್ಣು, ವಿಷದ ಮಳೆ. ಗೆಳೆಯ ಆಕಳಿಸಿ ಮಲಗಿದ. ನಾನು ಗುಡ್ಡದ ಅಂಚನ್ನೇ ನೋಡುತ್ತಿದ್ದೆ. ಅದು ಯಾಕೆ ಹಾಗೆ ಬಾಗಿದೆ ಅಂತ ನನಗೆ ಗೊತ್ತಿತ್ತು.

2023ರ ಡಿಸೆಂಬರ್‌ನಲ್ಲಿ ಅದೇ ತಂಡ ‘ಲೈಟ್ ನೋ ಫೈರ್’ ಘೋಷಿಸಿತು. ಈ ಸಲ ಒಂದೇ ಗ್ರಹ, ಭೂಮಿಯಷ್ಟು ದೊಡ್ಡದು. ಯಾವಾಗ ಬರುತ್ತದೆ ಅಂತ ಹೇಳಲಿಲ್ಲ. ಅವತ್ತು ರಾತ್ರಿಯೇ ಹಳೇ ಪ್ರೋಗ್ರಾಂ ತೆರೆದು, ಆ ಗೆರೆಯನ್ನು ಗೋಳದ ಮೇಲೆ ಸುತ್ತುವುದು ಹೇಗೆ ಅಂತ ನೋಡುತ್ತಾ ಕೂತೆ.

ವಿರೋಧ: ಬಂದ ಮೇಲೆ ನೋಡೋಣ

ತಮ್ಮನ ಆ ಗುಡ್ಡಗಳನ್ನು ಮೊದಲು ನೋಡಿದವಳು ನಾನು. ಹಬ್ಬಕ್ಕೆ ತವರಿಗೆ ಹೋಗಿದ್ದೆ. ನನ್ನೂರಿನ ಪಿನ್ 577101 ಹಾಕಿದ. ಈ ಸಲ ಗುಡ್ಡ ಎತ್ತರಕ್ಕೆ ಎದ್ದಿತು. “ನೋಡಕ್ಕಾ, ಮುಳ್ಳಯ್ಯನಗಿರಿ!” ಅಂದ. ನನಗೂ ಖುಷಿಯಾಯಿತು. ನಾನೇ ಕೂತು 577102 ಹಾಕಿದೆ, 577103 ಹಾಕಿದೆ. ಹತ್ತನೆಯದಕ್ಕೆ ಬರುವ ಹೊತ್ತಿಗೆ ಗುಡ್ಡಗಳು ಒಂದರ ಹಾಗೆ ಒಂದು ಕಾಣತೊಡಗಿದವು. ಯಾವುದೂ ಒಂದೇ ಅಲ್ಲ, ಆದರೆ ಯಾವುದೂ ಹೊಸದೂ ಅಲ್ಲ.

ಇದು ಬಹಳ ಹಿಂದೆಯೇ ಗೊತ್ತಿದ್ದ ವಿಷಯ. 1984ರಲ್ಲಿ ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ ‘ಎಲೀಟ್’ ಗೇಮ್ ಮಾಡಿದರು. 32 ಕೆಬಿ ಮೆಮೊರಿಯ ಬಿಬಿಸಿ ಮೈಕ್ರೋ ಕಂಪ್ಯೂಟರಿನೊಳಗೆ ಇದೇ ಬೀಜದ ಉಪಾಯದಿಂದ ಗೆಲಾಕ್ಸಿಗಳನ್ನು ತುರುಕಿದ್ದರು. ಅವರ ಲೆಕ್ಕಕ್ಕೆ ಕೋಟಿ ಕೋಟಿ ಗೆಲಾಕ್ಸಿ ಹುಟ್ಟಿಸುವ ಶಕ್ತಿ ಇತ್ತು. ಪ್ರಕಾಶಕರು ಬೇಡ ಅಂದರು. ಅಷ್ಟೊಂದು ಕೊಟ್ಟರೆ ಎಲ್ಲ ಯಂತ್ರದ ಕೆಲಸ ಅಂತ ಜನಕ್ಕೆ ತಿಳಿದುಹೋಗುತ್ತದೆ ಅನ್ನುವ ಅಳುಕು. ಕೊನೆಗೆ ಇಟ್ಟಿದ್ದು 8 ಗೆಲಾಕ್ಸಿ, ಒಂದೊಂದರಲ್ಲೂ 256 ಗ್ರಹ. ಆ ಪ್ರಕಾಶಕರ ಬುದ್ಧಿ ನನಗೆ ತುಂಬಾ ಇಷ್ಟ.

ಗೇಮ್ ಬರುವ ಮುಂಚೆ ನಮಗೆ ಸಿಗುವುದು ಒಂದು ದೊಡ್ಡ ಸಂಖ್ಯೆ ಮತ್ತು ಎರಡು ನಿಮಿಷದ ವಿಡಿಯೋ. ಉಳಿದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಮೂರು ವರ್ಷ ಕಾದರೆ ಮೂರು ವರ್ಷದಷ್ಟು ತುಂಬಿಕೊಳ್ಳುತ್ತೇವೆ. ‘ನೋ ಮ್ಯಾನ್ಸ್ ಸ್ಕೈ’ನಲ್ಲಿ ಇಬ್ಬರು ಆಟಗಾರರು ಎದುರಾಗಬಹುದಾ ಅಂತ ಹಲೋ ಗೇಮ್ಸ್ ತಂಡದ ಷಾನ್ ಮರ್ರಿಯವರನ್ನು ಕೇಳಿದರು. ಜಾಗ ಅಷ್ಟು ದೊಡ್ಡದು, ಹಾಗಾಗುವುದು ಅಪರೂಪ ಅನ್ನುವ ಅರ್ಥದ ಉತ್ತರ ಬಂತು. ಗೇಮ್ ಬಂದ ಶುರುವಿನಲ್ಲೇ ಇಬ್ಬರು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರು. ಒಬ್ಬರಿಗೊಬ್ಬರು ಕಾಣಲೇ ಇಲ್ಲ.

ಸಿಟ್ಟು ಎಷ್ಟಿತ್ತೆಂದರೆ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯವರೆಗೂ ದೂರು ಹೋಯಿತು. 2016ರ ನವೆಂಬರ್‌ನಲ್ಲಿ ಅವರು ಜಾಹೀರಾತು ದಾರಿ ತಪ್ಪಿಸುವಂಥದ್ದಲ್ಲ ಅಂದರು. ಜಾಹೀರಾತಿನಲ್ಲಿ ತಪ್ಪಿಲ್ಲ, ಆದರೂ ಸಾವಿರಾರು ಜನಕ್ಕೆ ಮೋಸ ಹೋದ ಹಾಗೆ ಅನ್ನಿಸಿತು. ಅಂದರೆ ಅವರು ಕಳೆದುಕೊಂಡದ್ದು ಕಾಯುತ್ತಾ ತಾವೇ ಕಟ್ಟಿಕೊಂಡಿದ್ದ ಗೇಮನ್ನು. ಅದನ್ನು ಯಾವ ತಂಡ ತಾನೇ ಮಾಡಿಕೊಡಲು ಸಾಧ್ಯ?

ಕಾಯುವ ಜನ ಮಾಡುವವರಿಗೆ ಆಸರೆ ಅಂತ ನನ್ನ ತಮ್ಮ ಬರೆದಿದ್ದಾನೆ. ಅದರ ಇನ್ನೊಂದು ಮುಖವನ್ನೂ ನೋಡಬೇಕು. 2016ರ ಮೇ ತಿಂಗಳಲ್ಲಿ, ಜೂನ್ 21ಕ್ಕೆ ಬರಬೇಕಿದ್ದದ್ದು ಆಗಸ್ಟ್‌ಗೆ ಹೋಯಿತು ಅಂತ ಗೊತ್ತಾದಾಗ ಮರ್ರಿಯವರಿಗೆ ಕೊಲೆ ಬೆದರಿಕೆಗಳು ಬಂದವು. ತಡವಾಗುತ್ತದೆ ಅಂತ ಮೊದಲು ಸುದ್ದಿ ಮಾಡಿದ ಪತ್ರಕರ್ತನಿಗೂ ಬಂದವು. ಒಂದು ಆಟ ಒಂದೂವರೆ ತಿಂಗಳು ತಡವಾದದ್ದಕ್ಕೆ! ಓದಿದಾಗ ನನಗೆ ಹೊಟ್ಟೆ ಕಿವುಚಿದಂತಾಗಿತ್ತು. ಕಾಯುವುದು ತಲೆಗೇರಿದರೆ ಮಾಡುವವರು ಮನುಷ್ಯರು ಅನ್ನುವುದೇ ಮರೆತುಹೋಗುತ್ತದೆ.

ನಾನೂ ಕಾದು ಕೆಟ್ಟವಳೇ. ಬೇರೊಂದು ಗೇಮ್‌ಗೆ, ಹೆಸರು ಬೇಡ, ಮೊದಲ ಸಂಬಳದಲ್ಲಿ ಮುಂಗಡ ಕಟ್ಟಿದ್ದೆ. ಎರಡು ಸಲ ಮುಂದೆ ಹೋಯಿತು. ಬಂದಾಗ ಆಡುವ ಮನಸ್ಸೇ ಉಳಿದಿರಲಿಲ್ಲ.

ಹಳೇಬೀಡಿಗೆ ಹೋದಾಗಲೆಲ್ಲ ನಾನು ಗೋಡೆಯ ಕೆಳಸಾಲಿನ ಆನೆಗಳ ಮುಂದೆ ಕೂತುಬಿಡುತ್ತೇನೆ. ಒಂದು ಸೊಂಡಿಲು ಒಳಕ್ಕೆ ಮಡಚಿದ್ದರೆ ಇನ್ನೊಂದು ಪಕ್ಕಕ್ಕೆ ಹೊರಳಿದೆ. ಅಲ್ಲೂ ನಿಯಮ ಇದೆ: ಇಷ್ಟೇ ಎತ್ತರ, ಇದೇ ದಿಕ್ಕು. ಆದರೆ ಈ ಸೊಂಡಿಲು ಹೀಗೇ ಇರಲಿ ಅಂತ ಯಾರೋ ಒಬ್ಬರು ಉಳಿ ಹಿಡಿದು ತೀರ್ಮಾನ ಮಾಡಿದ್ದಾರೆ. ಬೇಲೂರಿನಲ್ಲಿ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನೇ ಕೆತ್ತಿದ್ದಾರೆ. ಆ ಆನೆಗಳಲ್ಲಿ ನನ್ನ ಜೊತೆ ಮನೆಗೆ ಬರುವುದು ಒಂದೇ, ಸೊಂಡಿಲು ಹೊರಳಿಸಿದ್ದು. ಎಷ್ಟಿವೆ ಅನ್ನುವುದನ್ನೇ ಮುಂದಿಟ್ಟು ಕಾಯಿಸಿದರೆ ಆ ಒಂದು ಆನೆಯನ್ನು ಹುಡುಕುವ ತಾಳ್ಮೆ ನಮ್ಮಲ್ಲಿ ಉಳಿಯುವುದಿಲ್ಲ.

‘ನೋ ಮ್ಯಾನ್ಸ್ ಸ್ಕೈ’ ಮೇಲೆ ನನಗೆ ದ್ವೇಷ ಇಲ್ಲ, ತುಂಬಾ ಪ್ರೀತಿ ಇದೆ. ತಂಡದವರು ಸದ್ದಿಲ್ಲದೆ ದುಡಿದರು. ಒಂದಾದ ಮೇಲೊಂದು ಅಪ್‌ಡೇಟ್ ಕೊಟ್ಟರು, ಒಂದಕ್ಕೂ ದುಡ್ಡು ಕೇಳಲಿಲ್ಲ. 2018ರ ಜುಲೈನಲ್ಲಿ ‘ನೆಕ್ಸ್ಟ್’ ಬಂತು. ಕೊನೆಗೂ ಆಟಗಾರರು ಒಬ್ಬರಿಗೊಬ್ಬರು ಕಾಣುವಂತಾಯಿತು. ನಾನು ಕೊಂಡದ್ದು ಆಗಲೇ. ಟ್ರೇಲರ್ ಮತ್ತೆ ನೋಡಿರಲಿಲ್ಲ, ಏನಿದೆ ಅಂತ ಕೇಳಿರಲಿಲ್ಲ. ಹೊರಗೆ ಚಿಕ್ಕಮಗಳೂರಿನ ಆಷಾಢದ ಮಳೆ ಸುರಿಯುತ್ತಿತ್ತು, ಕರೆಂಟ್ ಎರಡು ಸಲ ಹೋಗಿ ಬಂದಿತ್ತು. ಹಾಸನದಿಂದ ತಮ್ಮ ಫೋನಿನಲ್ಲಿ, “ಅಲ್ಲೇ ನಿಂತಿರು ಅಕ್ಕ, ಬಂದೆ” ಅಂದ. ಕೆಂಪು ಗುಡ್ಡದ ಆಚೆಯಿಂದ ಒಂದು ನೌಕೆ ಇಳಿಯಿತು. ಅದರಿಂದ ಯಾರೋ ಕೆಳಗೆ ಹಾರಿ, ನನ್ನ ಕಡೆ ತಿರುಗಿ ಕೈ ಬೀಸಿದರು.