ತಲೆ ಮೇಲೆ ಒಂದೂಕಾಲು ಟನ್

ಟೆಕ್ಸಾಸಿನಲ್ಲಿ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆ, ನೋಡೋಕೆ ಹೋದರೆ ಮಾರುವವರು ಎಲ್ಲವನ್ನೂ ತೋರಿಸುತ್ತಾರೆ. ಮಡಚಿದರೆ ಮಂಚ ಆಗುವ ಊಟದ ಮೇಜು, ಹೊರಗಡೆ ನಿಂತು ಸ್ನಾನ ಮಾಡೋಕೆ ಶವರ್, ಬೆಂಕಿಯೇ ಇಲ್ಲದ ಫೈರ್‌ಪ್ಲೇಸ್. ಚಾವಣಿ ಮಾತ್ರ ಯಾರೂ ತೋರಿಸುವುದಿಲ್ಲ. ಜುಲೈ ತಿಂಗಳಲ್ಲಿ ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಊರ ಲೆಕ್ಕದಲ್ಲಿ 38 ಇರುವಾಗ, ಸಂಸಾರದ ನೆಮ್ಮದಿ ಇರುವುದೆಲ್ಲ ಆ ಚಾವಣಿಯಲ್ಲೇ.

ಅಲ್ಲಿ 14 ಇಂಚು ಚೌಕದ ಒಂದು ತೂತು ಇರುತ್ತದೆ. ಅದರ ಮೇಲೆ ಎಸಿ ಕೂತಿರುತ್ತದೆ. ಇಲ್ಲಿಯವರು ಅದನ್ನು ಬಿಟಿಯು ಅನ್ನುವ, ತಣ್ಣಗೆ ಮಾಡುವ ಶಕ್ತಿಯ ಲೆಕ್ಕದಲ್ಲಿ ಮಾರುತ್ತಾರೆ. ಸಾಮಾನ್ಯವಾಗಿ 13,500, ಇಲ್ಲವೇ 15,000. ನಮ್ಮ ಕಡೆಯ ಒಂದು ಟನ್ ಅಂದರೆ 12,000 ಬಿಟಿಯು. ಹಾಗಾಗಿ ದೊಡ್ಡದು ಒಂದೂಕಾಲು ಟನ್. ಗಾಳಿ ಸಾಗಿಸುವ ಡಕ್ಟ್ ಇರಲಿ ಬಿಡಲಿ, ಮೇಲಿನ ಪೆಟ್ಟಿಗೆ ಹೆಚ್ಚುಕಮ್ಮಿ ಒಂದೇ. ಡಕ್ಟ್ ಇಲ್ಲದಿದ್ದರೆ ತಣ್ಣನೆ ಗಾಳಿ ಆ ತೂತಿನಿಂದ ಸೀದಾ ಕೆಳಗಿದ್ದವರ ಮೇಲೆ ಬೀಳುತ್ತದೆ. ಡಕ್ಟ್ ಇದ್ದರೆ ಚಾವಣಿಯೊಳಗಿನ ಚಪ್ಪಟೆ ಕೊಳವೆಯಲ್ಲಿ ಹಾದು, ಮಲಗುವ ಕೋಣೆ, ಬಚ್ಚಲು, ಮಕ್ಕಳ ಬಂಕು ಅಂತ ಸಣ್ಣ ಸಣ್ಣ ಕಿಂಡಿಗಳಿಂದ ಇಳಿಯುತ್ತದೆ.

ನಮ್ಮದು ಡಕ್ಟ್ ಇಲ್ಲದ್ದು. ಗೆಳೆಯನದು ಇರುವಂಥದ್ದು. ಎರಡೂ ಮನೆಯವರು ಸೇರಿ ಫ್ರಿಯೋ ನದಿ ದಂಡೆಯ ಗಾರ್ನರ್ ಸ್ಟೇಟ್ ಪಾರ್ಕಿಗೆ ಹೊರಟೆವು. ಹಾಸನದಿಂದ ಬಂದಿದ್ದ ನಮ್ಮ ಅತ್ತೆ ಮಾವನೂ ಜೊತೆಗಿದ್ದರು.

ಬಂಕು ಹತ್ತೋಕೆ ಮಾವನವರ ಮಂಡಿ ಒಪ್ಪಲಿಲ್ಲ. ಊಟದ ಮೇಜು ಮಡಚಿ ಅವರಿಗೆ ಹಾಸಿಗೆ ಹಾಕಿದೆವು. ಎಸಿ ಇರುವುದು ಸರಿಯಾಗಿ ಅದರ ಮೇಲೆ. ಅಮೆರಿಕ ಅಂದರೆ ಚಳಿ ಅಂತ ಯಾರೋ ಹೇಳಿದ್ದಕ್ಕೆ ಮಾವ ಊರಿಂದ ಮಂಕಿ ಕ್ಯಾಪ್ ತಂದಿದ್ದರು. ಅದು ಪೆಟ್ಟಿಗೆಯಿಂದ ಹೊರಗೆ ಬಂದಿದ್ದು ಟೆಕ್ಸಾಸಿನ ನಡುಬೇಸಿಗೆಯಲ್ಲಿ. ಅವರು ಸ್ವೆಟರು, ಮಂಕಿ ಕ್ಯಾಪು, ಮೇಲೊಂದು ಶಾಲು ಹೊದ್ದು ಮಲಗಿದ್ದರೆ, ಹಿಂದಿನ ಬಂಕಿನಲ್ಲಿ ಮಕ್ಕಳು ಬನಿಯನ್ನಿನಲ್ಲಿ ಕೂತು ಪೇಪರ್ ತಟ್ಟೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಇಬ್ಬರ ನಡುವೆ ಇದ್ದ ದೂರ ಎಂಟು ಹೆಜ್ಜೆ!

ಎಸಿ ಜಾಸ್ತಿ ಮಾಡಿದರೆ ಅತ್ತೆ, "ಅವರಿಗೆ ನೆಗಡಿ ಆಗುತ್ತೆ ಕಣ್ರಪ್ಪಾ" ಅನ್ನುತ್ತಾರೆ. ಕಮ್ಮಿ ಮಾಡಿದರೆ ಮಕ್ಕಳು ಕೂಗುತ್ತವೆ. ಥರ್ಮೋಸ್ಟಾಟ್ ಇರುವುದೂ ಅದೇ ಪೆಟ್ಟಿಗೆಯಲ್ಲಿ. ತನ್ನ ಮೂಗಿನ ಕೆಳಗೆ ತಣ್ಣಗಾದರೆ ಲೋಕವೆಲ್ಲ ತಣ್ಣಗಾಯಿತು ಅಂದುಕೊಂಡು ಸುಮ್ಮನಾಗಿಬಿಡುತ್ತದೆ. ಕೊನೆಗೆ ಅಡುಗೆ ಕಟ್ಟೆ ಮೇಲೆ ಒಂದು ಪುಟ್ಟ ಟೇಬಲ್ ಫ್ಯಾನ್ ಇಟ್ಟು ಬಂಕಿನ ಕಡೆ ತಿರುಗಿಸಿದ ಮೇಲೆ ಮಕ್ಕಳ ಬಾಯಿ ನಿಂತಿತು. ಇಷ್ಟು ಅಗ್ಗದ ಉಪಾಯವನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ.

ಇನ್ನು ಸದ್ದು. ಫ್ಯಾನು, ಕಂಪ್ರೆಸರು ಎರಡೂ ನೆತ್ತಿಯ ಮೇಲೇ. ಅದು ಓಡುತ್ತಿರುವಾಗ ಟ್ರೇಲರಿನೊಳಗೆ ಯಾರೂ ಮಾತಾಡುವುದಿಲ್ಲ, ಕೂಗುತ್ತಾರೆ. ಹೆಂಡತಿ "ಮೊಸರು ಹಾಕ್ಲಾ?" ಅಂದಿದ್ದು ಮಾವನಿಗೆ "ಹೆಸರು ಹಾಕ್ಲಾ?" ಅಂತ ಕೇಳಿಸಿ, "ಯಾವ ಲಿಸ್ಟಿಗೆ?" ಅಂದರು. ಅಷ್ಟರಲ್ಲಿ ಎಸಿ ಫಕ್ಕನೆ ನಿಂತಿತು. "ಯಾವ ಲಿಸ್ಟಿಗೆ" ಪಕ್ಕದ ಟೆಂಟಿನವರಿಗೂ ಕೇಳಿಸಿತು.

ನಿಂತಿದ್ದು ತಣ್ಣಗಾಗಿ ಅಲ್ಲ. ನಮ್ಮ ಟ್ರೇಲರಿಗೆ ಬರುವುದೇ 30 ಆಂಪ್, 120 ವೋಲ್ಟು. ಎಲ್ಲ ಸೇರಿ 3,600 ವಾಟು. ಎಸಿಗೇ 15 ಆಂಪ್ ಹತ್ತಿರ ಬೇಕು. ಅತ್ತೆ ಕಾಫಿಗೆ ನೀರಿಟ್ಟಿದ್ದ ಕೆಟಲ್ಲಿಗೆ ಹನ್ನೆರಡೂವರೆ. ಅಲ್ಲಿಗೇ ಇಪ್ಪತ್ತೇಳೂವರೆ ಆಯಿತಲ್ಲ, ಅದರ ಮೇಲೆ ಹೆಂಡತಿ ಅನ್ನ ಬಿಸಿ ಮಾಡೋಕೆ ಮೈಕ್ರೋವೇವ್ ಒತ್ತಿದ್ದಳು. ಮಾವ ಕೆಇಬಿಯಲ್ಲಿದ್ದು ನಿವೃತ್ತರಾದವರು. ಮಂಕಿ ಕ್ಯಾಪಿನಲ್ಲೇ ಎದ್ದು ಹೊರಗೆ ಹೋಗಿ, ಕರೆಂಟಿನ ಕಂಬದ ಡಬ್ಬಿ ತೆಗೆದು ನೋಡಿ, "ಲೋಡು ಜಾಸ್ತಿ ಆಗಿದೆ ಅಳಿಯಂದ್ರೇ. ಒಂದೊಂದೇ ಹಾಕ್ಬೇಕು" ಅಂದರು. ಅಮೆರಿಕಕ್ಕೆ ಬಂದ ಮೇಲೆ ಅವರ ಮುಖದಲ್ಲಿ ಅಂಥ ಕಳೆ ನಾನು ನೋಡಿರಲಿಲ್ಲ. ಮಾರನೇ ದಿನದಿಂದ ಅವರ ಅಪ್ಪಣೆ ಇಲ್ಲದೆ ಯಾರೂ ಕೆಟಲ್ ಮುಟ್ಟುವ ಹಾಗಿರಲಿಲ್ಲ. ಲೋಡ್ ಶೆಡ್ಡಿಂಗ್ ವೇಳಾಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿತು.

ಇಷ್ಟಾದ ಮೇಲೆ ಗೆಳೆಯನ ಟ್ರೇಲರ್ ಮೇಲೆ ನಮಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಸಹಜ ಅಲ್ವಾ? ಹೋಗಿ ನೋಡಿದರೆ ಅಲ್ಲಿನ ಕಥೆಯೇ ಬೇರೆ. ಅವನ ಮಲಗುವ ಕೋಣೆಯ ಕಿಂಡಿಗೆ ಪೇಪರ್ ನ್ಯಾಪ್ಕಿನ್ ಹಿಡಿದರೆ ಅಲ್ಲಾಡುತ್ತಿರಲಿಲ್ಲ. ಎಸಿ ಕೆಳಗಿನ ಮುಚ್ಚಳ ಬಿಚ್ಚಿ ಟಾರ್ಚು ಹಾಕಿದೆವು. ತಣ್ಣನೆ ಗಾಳಿ ಹೊರಡುವ ಜಾಗಕ್ಕೂ ಕೋಣೆಯ ಗಾಳಿ ವಾಪಸ್ಸು ಹೋಗುವ ಜಾಗಕ್ಕೂ ನಡುವೆ ಒಂದು ತಡಿಕೆ ಇರಬೇಕು. ಇತ್ತು, ಆದರೆ ಸುತ್ತ ಬೆರಳು ತೂರುವಷ್ಟು ಸಂದು. ಎಸಿ ತನ್ನ ಗಾಳಿಯನ್ನು ತಾನೇ ಎಳೆದುಕೊಂಡು ಕುಡಿಯುತ್ತಿತ್ತು. ಉಳಿದದ್ದು ಡಕ್ಟಿನ ಬಿರುಕುಗಳಿಂದ ಚಾವಣಿಯ ಒಳಗೇ ಸೋರಿ, ಯಾರೂ ಮಲಗದ ಜಾಗವನ್ನು ತಂಪಾಗಿ ಇಡುತ್ತಿತ್ತು.

ಇದಕ್ಕೆ ಮದ್ದು ಅಲ್ಯುಮಿನಿಯಂ ಫಾಯಿಲ್ ಟೇಪು. ಬಟ್ಟೆಯ ಟೇಪು ಹಾಕಿದರೆ ಬಿಸಿಲಿಗೆ ಅಂಟು ಒಣಗಿ ಕಿತ್ತು ಬರುತ್ತದೆ. ಕತ್ತು ಮೇಲೆತ್ತಿ, ತೂತಿನೊಳಗೆ ಕೈ ತೂರಿಸಿ, ಒಂದೊಂದೇ ಸಂದು ಮುಚ್ಚಿದೆವು. ಫಾಯಿಲಿನ ಅಂಚು ಬೆರಳು ಕೊಯ್ಯುತ್ತದೆ, ಟೇಪು ತನಗೆ ತಾನೇ ಅಂಟಿಕೊಳ್ಳುತ್ತದೆ. ಮುಗಿಸಿ ಸ್ವಿಚ್ ಹಾಕಿದ್ದೇ ತಡ, ಕಾರ್ಖಾನೆಯಲ್ಲಿ ಡಕ್ಟಿನೊಳಗೆ ಉಳಿದಿದ್ದ ಮರದ ಹೊಟ್ಟೆಲ್ಲ ಹಾಸಿಗೆ ಮೇಲೆ ಕೂತಿದ್ದ ಗೆಳೆಯ ಮತ್ತು ಅವನ ಹೆಂಡತಿಯ ತಲೆ ಮೇಲೆ ಅಕ್ಷತೆಯ ಹಾಗೆ ಬಿತ್ತು. ಗಾಳಿ ಮಾತ್ರ ಜೋರಾಗಿ ಬಂತು.

ಒಗ್ಗರಣೆಯ ವಿಷಯ ಆಮೇಲೆ ತಿಳಿಯಿತು. ಒಳಗಿನ ಗಾಳಿ ವಾಪಸ್ಸು ಎಳೆಯುವ ಜಾಲರಿ ಅವನಲ್ಲಿ ಒಲೆಯ ಪಕ್ಕದಲ್ಲೇ ಇದೆ. ಇಂಗು, ಕರಿಬೇವು, ಬ್ಯಾಡಗಿ ಮೆಣಸಿನಕಾಯಿ ಚಟಪಟ ಅಂದ ಕೂಡಲೇ ಮಲಗುವ ಕೋಣೆ, ಬಚ್ಚಲು, ಬಂಕು, ಎಲ್ಲ ಕಿಂಡಿಗೂ ಸಮಪಾಲು ಹೋಗುತ್ತದೆ. ಎಲ್ಲರೂ ಒಟ್ಟಿಗೆ ಕೆಮ್ಮುತ್ತಾರೆ.

ನನ್ನನ್ನು ಕೇಳಿದರೆ, ಒಂದೇ ಕೋಣೆಯ ಸಣ್ಣ ಟ್ರೇಲರಿಗೆ ಡಕ್ಟ್ ಬೇಡ. ಬೇಗ ತಣ್ಣಗಾಗುತ್ತದೆ, ಸೋರುವುದಕ್ಕೆ ಏನೂ ಇರುವುದಿಲ್ಲ. ಬಾಗಿಲು ಹಾಕುವ ಬೇರೆ ಕೋಣೆ ಇದ್ದರೆ ಡಕ್ಟ್ ಬೇಕೇ ಬೇಕು. ಆದರೆ ದುಡ್ಡು ಕೊಡುವ ಮೊದಲು ಒಂದೊಂದು ಕಿಂಡಿಗೂ ಕೈಯೊಡ್ಡಿ ನೋಡಿ. ಮಾರುವವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ರಿಪೇರಿಯ ಖುಷಿಗೆ ಗೆಳೆಯ, "ಅಂಕಲ್ ಇವತ್ತು ನಮ್ಮಲ್ಲೇ ಮಲಗಲಿ, ಆರಾಮಾಗಿರುತ್ತೆ" ಅಂತ ಮಾವನನ್ನು ಕರೆದುಕೊಂಡು ಹೋದ. ಬೆಳಿಗ್ಗೆ ಮಾವ ಮುಖ ಸಪ್ಪೆ ಮಾಡಿಕೊಂಡು ಬಂದರು. "ನಿದ್ದೆನೇ ಬರ್ಲಿಲ್ಲ ಕಣ್ರೀ. ಒಂಚೂರೂ ಸದ್ದಿಲ್ಲ ಅಲ್ಲಿ." ಹಿಂದೆಯೇ ಗೆಳೆಯ ಬಂದ, ಕಣ್ಣು ಕೆಂಪಗೆ. "ಅಂಕಲ್ ಹತ್ತು ಗಂಟೆಗೇ ನಿದ್ದೆ ಹೋದ್ರು. ಆ ಗೊರಕೆಗೆ ಬೆಳಗಿನವರೆಗೂ ನಾವು ನಾಲ್ಕೂ ಜನ ಎದ್ದಿದ್ವಿ." ನಮ್ಮ ಎಸಿ ಇಷ್ಟು ದಿನ ಏನನ್ನು ಮುಚ್ಚಿಡುತ್ತಿತ್ತು ಅಂತ ನಮಗೆ ಆಗಲೇ ಹೊಳೆದಿದ್ದು.

ಪಾರ್ಕಿನಿಂದ ಮನೆಗೆ ವಾಪಸ್ಸಾದ ಮೇಲೆ ಹೆಂಡತಿಯ ಒತ್ತಾಯಕ್ಕೆ ಡಕ್ಟ್ ಇರುವ ಹೊಸ ಟ್ರೇಲರ್ ನೋಡೋಕೆ ಹೋದೆವು. ಮಾವನೂ ಬಂದರು. ಒಳಗೆಲ್ಲ ಸುತ್ತಾಡಿ, ಚಾವಣಿಯ ಕಿಂಡಿ ನೋಡಿ, ಅಂಗಡಿಯವನನ್ನು "ಸೌಂಡ್?" ಅಂತ ಕೇಳಿದರು. ಅವನು ಹೆಮ್ಮೆಯಿಂದ "ವೆರಿ ಕ್ವಯಟ್, ಸರ್" ಅಂದ. ಮಾವ ನನ್ನ ಕಡೆ ತಿರುಗಿದರು.

"ಹಂಗಾದ್ರೆ ಬೇಡ ಬಿಡಿ ಅಳಿಯಂದ್ರೇ."